ವ್ಯವಸ್ಥಾ ಸಿದ್ಧಾಂತ: ಫಾರೆಸ್ಟರ್‌ರಿಂದ ವರ್ಲ್ಡ್3ರವರೆಗೆ

ಸಿಸ್ಟಮ್ ಡೈನಾಮಿಕ್ಸ್‌ನ ಜನಕ ಅಮೆರಿಕದ ಎಂಐಟಿಯ ಜೇ ಫಾರೆಸ್ಟರ್. ಅವರ ‘ಇಂಡಸ್ಟ್ರಿಯಲ್ ಡೈನಾಮಿಕ್ಸ್’ 1961ರಲ್ಲಿ, ‘ವರ್ಲ್ಡ್ ಡೈನಾಮಿಕ್ಸ್’ 1971ರಲ್ಲಿ ಹೊರಬಂದವು. 1968ರ ‘ಜನರಲ್ ಸಿಸ್ಟಮ್ ಥಿಯರಿ’ ಬರ್ಟಲಾನ್ಫಿ ಅವರದು. ಹೊಂದಿಸಿ ಬರೆಯುವಾಗ ಅದಲುಬದಲು ಮಾಡಬೇಡಿ.

ಸಿಸ್ಟಮ್ ಡೈನಾಮಿಕ್ಸ್‌ನ ಮೂಲ ಕಲ್ಪನೆ ತಿಳಿಯಲು ಮನೆ ಮೇಲಿನ ನೀರಿನ ಟ್ಯಾಂಕ್ ನೋಡಿದರೆ ಸಾಕು. ಒಳಗಿರುವ ನೀರು ಸಂಗ್ರಹ. ಪೈಪಿನಲ್ಲಿ ಬರುವುದು, ಹೋಗುವುದು ಹರಿವು. ನೀರು ಏರಿದಂತೆ ಬಾಲ್‌ವಾಲ್ವ್‌ನ ಚೆಂಡು ಮೇಲೆದ್ದು ಒಳಹರಿವನ್ನು ಮುಚ್ಚುತ್ತದೆ. ಇದು ಋಣಾತ್ಮಕ ಹಿಮ್ಮಾಹಿತಿ, ವ್ಯವಸ್ಥೆಯನ್ನು ಹತೋಟಿಯಲ್ಲಿಡುತ್ತದೆ. ಚಕ್ರಬಡ್ಡಿಯ ಸಾಲ ಧನಾತ್ಮಕ ಹಿಮ್ಮಾಹಿತಿಗೆ ಉದಾಹರಣೆ. ‘ಧನಾತ್ಮಕ’ ಎಂದರೆ ಒಳ್ಳೆಯದು ಎಂದಲ್ಲ, ಬದಲಾವಣೆ ತನ್ನನ್ನೇ ಹಿಗ್ಗಿಸಿಕೊಳ್ಳುತ್ತದೆ ಎಂದಷ್ಟೇ. ಅಭ್ಯರ್ಥಿಗಳು ಎಡವುವುದು ಇಲ್ಲೇ.

1972ರ ‘ದಿ ಲಿಮಿಟ್ಸ್ ಟು ಗ್ರೋತ್’ ವರದಿ ಕ್ಲಬ್ ಆಫ್ ರೋಮ್ ಎಂಬ ಚಿಂತಕರ ಸಂಘಟನೆಗಾಗಿ ಸಿದ್ಧವಾದದ್ದು. ಲೇಖಕರಲ್ಲಿ ಡೊನೆಲ್ಲಾ ಮೆಡೋಸ್, ಡೆನಿಸ್ ಮೆಡೋಸ್ ಪ್ರಮುಖರು. ಅದರಲ್ಲಿ ಬಳಸಿದ, ಸಿಸ್ಟಮ್ ಡೈನಾಮಿಕ್ಸ್ ಆಧಾರಿತ ಕಂಪ್ಯೂಟರ್ ಮಾದರಿ ವರ್ಲ್ಡ್3. ಪರಿಗಣಿಸಿದ ಐದು ಅಂಶಗಳು: ಜನಸಂಖ್ಯೆ, ಕೈಗಾರಿಕೀಕರಣ, ಆಹಾರೋತ್ಪಾದನೆ, ಮಾಲಿನ್ಯ, ನವೀಕರಿಸಲಾಗದ ಸಂಪನ್ಮೂಲಗಳು. ವರದಿ ಭವಿಷ್ಯ ನುಡಿಯಲಿಲ್ಲ. ‘ಹೀಗೆ ಸಾಗಿದರೆ ಹೀಗಾದೀತು’ ಎಂಬ ಹಲವು ಸಾಧ್ಯತೆಗಳನ್ನು ಲೆಕ್ಕ ಹಾಕಿ ತೋರಿಸಿತು. ಜಗತ್ತು ಕುಸಿಯುವ ಖಚಿತ ದಿನಾಂಕ ಕೊಟ್ಟಿತ್ತು ಎಂಬ ಹೇಳಿಕೆ ಪ್ರಶ್ನೆಪತ್ರಿಕೆಯಲ್ಲಿ ಕಂಡರೆ ತಪ್ಪೆಂದೇ ಗುರುತಿಸಿ.