ಯೀಸ್ಟಿಗೆ ಕ್ಯಾಲ್ಸಿಯಂ ಏತಕ್ಕೆ?

ಹಿರಿಯೂರು ಸೀಮೆಯ ಗಡಸು ನೀರನ್ನು ಕಾಯಿಸಿದ ಪಾತ್ರೆಯಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಕಂಡವರೇ. ಆ ಪೊರೆಯಲ್ಲಿರುವ ಕ್ಯಾಲ್ಸಿಯಂ ಎಲುಬಿಗೂ ಹಲ್ಲಿಗೂ ಅವಶ್ಯವೆಂದು ತಾಯಂದಿರು ಬಲ್ಲರು. "ಎಲುಬೇ ಇಲ್ಲದ ಯೀಸ್ಟಿಗೆ ಅದು ಏತಕ್ಕಮ್ಮಾ?" ಎಂದು ತರಗತಿಯಲ್ಲಿ ಬಾಲಿಕೆಯೊಬ್ಬಳು ಕೇಳಿದಳು. ಆ ಪ್ರಶ್ನೆಯ ಉತ್ತರವನ್ನು ಪೋಷಕರೂ ಅರಿಯುವುದು ಒಳ್ಳೆಯದು.

ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟು ಒಂದೇ ಕೋಶದ ಜೀವಿ. ಅದು ತನ್ನೊಳಗೆ ಪ್ರೋಟೀನುಗಳನ್ನು ತಯಾರಿಸಿ ಕೆಲವನ್ನು ಹೊರಕ್ಕೆ ಸ್ರವಿಸುತ್ತದೆ. ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಅಂಥದೊಂದು. ಹೊರಡುವ ಮುನ್ನ ಇವು ಗಾಲ್ಗಿ ಎಂಬ ಕೋಶಾಂಗವನ್ನು ಹಾದುಹೋಗಬೇಕು. ಅಲ್ಲಿ ಅವುಗಳಿಗೆ ಸಕ್ಕರೆಯ ಸರಪಣಿ ಬೆಳೆಯುತ್ತದೆ. ಬೇಡದ ತುಂಡು ಕತ್ತರಿಸಲ್ಪಡುತ್ತದೆ. ಯಾವುದು ಎಲ್ಲಿಗೆ ಹೋಗಬೇಕೆಂಬುದೂ ವಿಂಗಡವಾಗುತ್ತದೆ.

ಈ ಕಾರ್ಯಕ್ಕೆ ಗಾಲ್ಗಿಯೊಳಗೆ ಕ್ಯಾಲ್ಸಿಯಂ ಬೇಕು. ಆದರೆ ಸುತ್ತಲಿನ ಕೋಶದ್ರವದಲ್ಲಿ ಅದು ಅತ್ಯಲ್ಪ. ಹಿಂದಿನ ಕಾಲದಲ್ಲಿ ಕಪಿಲೆಯ ಎತ್ತುಗಳು ದಣಿದು ಬಾವಿಯ ನೀರನ್ನು ಮೇಲಕ್ಕೆತ್ತುತ್ತಿದ್ದಂತೆ, ಪಿಎಂಆರ್1 ಎಂಬ ಪ್ರೋಟೀನು ಶಕ್ತಿಯನ್ನು ವೆಚ್ಚಮಾಡಿ ಕ್ಯಾಲ್ಸಿಯಮನ್ನು ಗಾಲ್ಗಿಯೊಳಕ್ಕೆ ಸಾಗಿಸುತ್ತದೆ. ನಮ್ಮ ಹೊಸದುರ್ಗದ ಅದಿರಿನಲ್ಲಿರುವ ಮ್ಯಾಂಗನೀಸನ್ನೂ ಅದೇ ಸಾಗಿಸುತ್ತದೆ. ಇದರ ಜೀನಿನ ವಿವರಣೆ 1989ರಲ್ಲಿ ಪ್ರಕಟವಾಯಿತು. ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕಿಯಾದ ರಜಿನಿ ರಾವ್ ಅವರು ಈ ಪ್ರೋಟೀನಿನ ಗುಣಗಳನ್ನು ವಿಶೇಷವಾಗಿ ಪರಿಶೋಧಿಸಿರುವರೆಂಬುದು ನಮ್ಮ ಬಾಲಿಕೆಯರಿಗೆ ಉತ್ಸಾಹವನ್ನೀಯತಕ್ಕ ಸಂಗತಿ.

ಈ ಜೀನು ಕೆಟ್ಟ ಯೀಸ್ಟಿನಲ್ಲಿ ಸಕ್ಕರೆಯ ಸರಪಣಿ ಮೊಟಕಾಗುತ್ತದೆ, ವಿಂಗಡಣೆ ತಪ್ಪುತ್ತದೆ. ಸೋಜಿಗವೆಂದರೆ, ಪ್ರಯೋಗಕ್ಕಾಗಿ ಸೇರಿಸಿದ ಕೆಲವು ಪರಜೀವಿಗಳ ಪ್ರೋಟೀನುಗಳು ಆಗ ಮೊದಲಿಗಿಂತ ಹೆಚ್ಚಾಗಿಯೇ ಹೊರಬೀಳುತ್ತವೆ! ಹೆಚ್ಚು ಹೊರಬಂದುದೆಲ್ಲವೂ ಒಪ್ಪವಾಗಿ ಸಿದ್ಧವಾದುದೆಂದು ತಿಳಿಯಲಾಗದು. ಆಹಾರದ ದ್ರಾವಣಕ್ಕೆ ಮ್ಯಾಂಗನೀಸ್ ಬೆರೆಸಿದರೆ ಸರಪಣಿಯೂ, ಕ್ಯಾಲ್ಸಿಯಂ ಬೆರೆಸಿದರೆ ವಿಂಗಡಣೆಯೂ ಸುಧಾರಿಸುತ್ತವೆ.

ಇದೇ ಬಗೆಯ ಪ್ರೋಟೀನು ಮನುಷ್ಯರಲ್ಲಿಯೂ ಉಂಟು. ತಂದೆತಾಯಿಗಳಿಂದ ಬಂದ ಅದರ ಎರಡು ಜೀನುಗಳಲ್ಲಿ ಒಂದು ಕೆಟ್ಟರೆ ಚರ್ಮದ ಕೋಶಗಳ ಪರಸ್ಪರ ಹಿಡಿತ ಸಡಿಲಿ, ಕತ್ತು ಕಂಕುಳುಗಳಲ್ಲಿ ಗುಳ್ಳೆಯೆದ್ದು ಒಡೆಯುತ್ತವೆ. 1939ರಲ್ಲಿ ವರ್ಣಿತವಾದ ಈ ಹೈಲಿ-ಹೈಲಿ ವ್ಯಾಧಿಯ ಕಾರಣ ತಿಳಿದುದು 2000ದಲ್ಲಿ. ಇಲ್ಲಿನ ಕೊರತೆ ಊಟದ್ದಲ್ಲ, ಕೋಶದೊಳಗಣ ಸಾಗಣೆಯದು. ಇದು ಅಂಟುರೋಗವಲ್ಲ, ಅಶುಚಿಯ ಫಲವೂ ಅಲ್ಲ.

ಆದುದರಿಂದ, ತಾಯಂದಿರೇ, ಇಂಥ ಗುಳ್ಳೆಗಳಿಂದ ನರಳುವ ಮಗಳನ್ನು ಶಾಲೆ ಬಿಡಿಸಿ ಮೂಲೆಗೆ ಕೂರಿಸಬೇಡಿರಿ, ಚರ್ಮವೈದ್ಯರಲ್ಲಿಗೆ ಕರೆದೊಯ್ಯಿರಿ. ಸಹಪಾಠಿಗಳು ಅವಳ ಪಕ್ಕದಿಂದ ಏಳದಿರಲಿ. ಯೀಸ್ಟಿನ ಪಾಠವನ್ನು ಓದಿದುದಕ್ಕೆ ಇಷ್ಟಾದರೂ ಫಲವಿರಬೇಕು.