ಅಜ್ಜಿಗೆ ಯಾವ ಟಿಕೆಟ್?

ಮಕ್ಕಳೇ, ಈ ಸಲದ ಪಾಠಕ್ಕೆ ಒಂದು ಗ್ಲೋಬು, ಒಂದು ಮಾರುದ್ದ ದಾರ ಮತ್ತು ಒಂದು ಟೇಪು ಬೇಕು. ಅಪ್ಪ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೊನೆಗೆ ಟಿಕೆಟ್ ಕೊಳ್ಳುವವರು ಅವರೇ ತಾನೆ? ಬೇಸಿಗೆ ರಜೆಗೆ ಅಜ್ಜಿ ಬೆಂಗಳೂರಿನಿಂದ ನೇಪರ್‌ವಿಲ್‌ಗೋ ಟ್ರಾಯ್‌ಗೋ ಬರಬೇಕು. ಆದರೆ ವಿಮಾನವೆಂದರೆ ಅವರಿಗೆ ಎದೆ ಡವಡವ. ಉದ್ದನೆಯ ಹಾರಾಟದಲ್ಲಿ ಕರೆಸುವುದೋ, ನಡುದಾರಿಯಲ್ಲಿ ಇಳಿಸಿ ಕರೆಸುವುದೋ? ನಿಮ್ಮನ್ನು ಕನ್ನಡ ತರಗತಿಗೆ ಬಿಟ್ಟು, ಹೊರಗೆ ಕಾಫಿ ಕುಡಿಯುತ್ತಾ ನಿಲ್ಲುವ ಪೋಷಕರ ನಡುವೆ ವರ್ಷವರ್ಷವೂ ಈ ಚರ್ಚೆ ನಡೆಯುತ್ತದೆ. ಒಬ್ಬೊಬ್ಬರದು ಒಂದೊಂದು ತೀರ್ಪು. ನನಗೆ ಕಾಣುವುದು ಇಷ್ಟು: ಅಜ್ಜಿಗೆ ಯಾವುದರ ಭಯ ಎಂದು ಅವರನ್ನೇ ಕೇಳುವವರೆಗೆ ಈ ಲೆಕ್ಕ ಬಿಡಿಸಲು ಆಗುವುದಿಲ್ಲ.

ಮೊದಲು ಗ್ಲೋಬು ನೋಡೋಣ. ಶಿಕಾಗೋ ಮೇಲೆ ದಾರದ ಒಂದು ತುದಿ ಒತ್ತಿ, ಇನ್ನೊಂದು ತುದಿಯನ್ನು ಬೆಂಗಳೂರಿಗೆ ಬಿಗಿಯಾಗಿ ಎಳೆಯಿರಿ. ದಾರ ಅಟ್ಲಾಂಟಿಕ್ ಸಾಗರದ ಮೇಲೆ ಅಡ್ಡಡ್ಡ ಹೋಗುವುದಿಲ್ಲ. ಉತ್ತರಕ್ಕೆ ಹತ್ತಿ, ಗ್ರೀನ್‌ಲೆಂಡ್ ದಾಟಿ, ರಷ್ಯಾದ ಮೇಲೆ ಇಳಿದು ಬರುತ್ತದೆ. ಗೋಳದ ಮೇಲೆ ಅತಿ ಹತ್ತಿರದ ದಾರಿ ಇದೇ. ಉದ್ದ ಸುಮಾರು 13,700 ಕಿ.ಮೀ. ಈ ದಾರಿಯನ್ನು ಎಲ್ಲೂ ಇಳಿಯದೆ ಮುಗಿಸುವ ವಿಮಾನ ನಮ್ಮ ಎರಡೂ ಊರಿಗೆ ಇಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾ 2021ರ ಜನವರಿಯಲ್ಲಿ ಅಂಥದ್ದೊಂದನ್ನು ಶುರು ಮಾಡಿತು. ಮೊದಲ ಹಾರಾಟ ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳು. ಅದು ಕ್ಯಾಲಿಫೋರ್ನಿಯಾದ ಅಜ್ಜಿಯರ ಭಾಗ್ಯವಾಗಿತ್ತು. ನಮ್ಮ ಅಜ್ಜಿಗೆ ಒಂದು ಕಡೆಯಾದರೂ ಇಳಿಯುವುದು ತಪ್ಪದು. ಹಾಗಾಗಿ ನಿಜವಾದ ಪ್ರಶ್ನೆ, ದಾರವನ್ನು ಎಲ್ಲಿ ಕತ್ತರಿಸಬೇಕು ಎನ್ನುವುದು.

ಈಗ ದಾರವನ್ನು ಬೇರೆ ಬೇರೆ ಊರಿನ ಮೂಲಕ ಎಳೆದು ನೋಡಿ. ಫ್ರಾಂಕ್‌ಫರ್ಟ್ ಮೂಲಕ ಬಂದರೆ ಮೊದಲು ಸುಮಾರು 7,400, ಆಮೇಲೆ 7,000 ಕಿ.ಮೀ. ಹೆಚ್ಚುಕಡಿಮೆ ಅರ್ಧರ್ಧ. ದೆಹಲಿ ಮೂಲಕವಾದರೆ 1,700 ಮತ್ತು 12,000. ದುಬೈ ಮೂಲಕವಾದರೆ 2,700 ಮತ್ತು 11,600. ಕೂಡಿಸಿ ನೋಡಿದರೆ ಮೂರರ ಮೊತ್ತದಲ್ಲೂ ಅಂಥ ವ್ಯತ್ಯಾಸವಿಲ್ಲ, 700 ಕಿ.ಮೀ. ಒಳಗೇ ಇದೆ. (ವಿಮಾನಗಳು ಗಾಳಿ ನೋಡಿಕೊಂಡು, ಮುಚ್ಚಿದ ಆಕಾಶ ತಪ್ಪಿಸಿಕೊಂಡು ಹಾರುವುದರಿಂದ ನಿಜವಾದ ದೂರ ಇದಕ್ಕಿಂತ ಹೆಚ್ಚೇ ಇರುತ್ತದೆ.) ಅಂದರೆ ಅಜ್ಜಿ ಹಾರುವ ದೂರ ಸರಿಸುಮಾರು ಒಂದೇ, ತುಂಡುಗಳ ಅಳತೆ ಮಾತ್ರ ಬೇರೆ. ಯುರೋಪಿನ ದಾರಿಯಲ್ಲಿ ಒಂಬತ್ತು ಹತ್ತು ಗಂಟೆಯ ಎರಡು ಕಂತು. ದೆಹಲಿಯ ದಾರಿಯಲ್ಲಿ ಮೂರು ಗಂಟೆಯದೊಂದು, ಹದಿನೈದು ಹದಿನಾರು ಗಂಟೆಯದೊಂದು.

ಇನ್ನು ಭಯದ ವಿಷಯ. ಭಯಪಡುವವರನ್ನು ಗೇಲಿ ಮಾಡಬೇಡಿ. 2010ರ ಮೇ 22ರಂದು ಮಂಗಳೂರಿನಲ್ಲಿ ಇಳಿಯುತ್ತಿದ್ದ ವಿಮಾನದಲ್ಲಿ 158 ಜನ ತೀರಿಕೊಂಡರು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಲಂಡನ್ನಿಗೆ ಹೊರಟ ವಿಮಾನ ಏರಿದ ಕೂಡಲೇ ಬಿತ್ತು. ಊರಿನ ಟೀವಿಯಲ್ಲಿ ಆ ಚಿತ್ರಗಳನ್ನು ದಿನಗಟ್ಟಲೆ ನೋಡಿದ ಅಜ್ಜಿಗೆ "ಏನೂ ಆಗಲ್ಲ ಬಾ ಅಜ್ಜಿ" ಎಂದರೆ ಸಾಲದು. ಇಂಥ ಅವಘಡ ತೀರ ಅಪರೂಪ, ರಸ್ತೆಯ ಪ್ರಯಾಣಕ್ಕಿಂತ ವಿಮಾನವೇ ಕ್ಷೇಮ. ಈ ಮಾತು ನಿಜ. ಆದರೆ ಆಗುವ ಅವಘಡಗಳಲ್ಲಿ ಹೆಚ್ಚಿನವು ಏರುವಾಗ ಇಳಿಯುವಾಗಲೇ ಆಗುತ್ತವೆ ಎನ್ನುವುದೂ ನಿಜ. ಏರುವಾಗ ಕುರ್ಚಿಯ ಕೈ ಗಟ್ಟಿ ಹಿಡಿದು ಕಣ್ಣು ಮುಚ್ಚುವವರಿಗೆ ಆ ಕ್ಷಣಗಳು ಕಡಿಮೆ ಇರಬೇಕು. ಒಂದು ನಿಲುಗಡೆ ಎಂದರೆ ಎರಡು ಸಲ ಏರಿ ಎರಡು ಸಲ ಇಳಿಯುವುದು. ಅಗ್ಗವಾಗಿ ಸಿಕ್ಕಿತೆಂದು ಎರಡು ನಿಲುಗಡೆಯ ಟಿಕೆಟ್ ತೆಗೆದುಕೊಂಡರೆ ಮೂರು ಸಲ. ನೂರಿನ್ನೂರು ಡಾಲರ್ ಉಳಿಸಲು ಹೋಗಿ ಹೆದರುವವರ ತಲೆಯ ಮೇಲೆ ಇದನ್ನು ಹೊರಿಸುವುದು ನನಗೆ ಸರಿ ಕಾಣುವುದಿಲ್ಲ.

ಕೆಲವರಿಗೆ ಏರುವುದು ಇಳಿಯುವುದು ಏನೂ ಅನ್ನಿಸದು. ನಡುವೆ ಕುಲುಕಿದರೆ ದೇವರ ನಾಮ ಶುರು. ಅವರಿಗೆ ನಿಲುಗಡೆ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸವಿಲ್ಲ, ಗಾಳಿ ಎಲ್ಲ ದಾರಿಯಲ್ಲೂ ಇದೆ. ರೆಕ್ಕೆಯ ಹತ್ತಿರದ ಸೀಟು ಕೊಡಿಸಿ, ಅಲ್ಲಿ ಕುಲುಕಾಟ ಬಾಲದ ಕಡೆಗಿಂತ ಕಡಿಮೆ. ರೆಕ್ಕೆ ಬಾಗುವಂತೆಯೇ ಅದನ್ನು ಕಟ್ಟಿರುತ್ತಾರೆ ಎಂದು ಮೊದಲೇ ಹೇಳಿ. ಶಿರಾಡಿ ಘಾಟಿಯಲ್ಲಿ ಬಸ್ಸು ಕುಲುಕಿದರೆ ಬಸ್ಸು ಮುರಿಯಿತು ಎಂದು ಯಾರೂ ಅಂದುಕೊಳ್ಳುವುದಿಲ್ಲವಲ್ಲ! ಬೆಲ್ಟ್ ಮಾತ್ರ ನಿದ್ದೆಯಲ್ಲೂ ಬಿಚ್ಚಬಾರದು.

ಇನ್ನು ಕೆಲವರಿಗೆ ಮುಚ್ಚಿದ ಕೊಠಡಿಯಲ್ಲಿ ಸಿಕ್ಕಿಬಿದ್ದಂತೆ ಉಸಿರು ಕಟ್ಟುತ್ತದೆ. ಒಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ, ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟು ಇರುತ್ತದೆ. ಅಂದರೆ ಅಜ್ಜಿ ಇಡೀ ದಾರಿ ಮುಳ್ಳಯ್ಯನಗಿರಿಯ ತುದಿಯಲ್ಲೋ ಊಟಿಯಲ್ಲೋ ಕುಳಿತ ಹಾಗೆ. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ. ಹೃದಯ, ಶ್ವಾಸಕೋಶದ ಕಾಯಿಲೆ ಇದ್ದವರು ಟಿಕೆಟ್‌ಗಿಂತ ಮೊದಲು ಡಾಕ್ಟರನ್ನು ಕೇಳಬೇಕು. ಇವರಿಗೆ ಹದಿನಾರು ಗಂಟೆಯ ಕಂತು ಬೇಡ. ಯುರೋಪಿನಲ್ಲಿ ಅರ್ಧಕ್ಕೆ ಕತ್ತರಿಸಿ. "ಇನ್ನು ನಾಲ್ಕು ಗಂಟೆಯಲ್ಲಿ ಹೊರಗೆ" ಎನ್ನುವ ಎಣಿಕೆಯೇ ಅವರಿಗೆ ದೊಡ್ಡ ಔಷಧ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ವಿಚಾರವನ್ನೂ ಕೇಳಿರುತ್ತೀರಿ. ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕೂರುವ ಪ್ರಯಾಣದಲ್ಲಿ ಆ ಸಾಧ್ಯತೆ ಸುಮಾರು ಎರಡರಷ್ಟಾಗುತ್ತದೆ, ಆದರೂ ಅದು ಸರಿಸುಮಾರು ಆರು ಸಾವಿರದಲ್ಲಿ ಒಬ್ಬರಿಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ನಡುವೆ ಇಳಿದರೆ ಇದು ಪೂರ್ತಿ ಕಳೆಯುವುದಿಲ್ಲ. ಒಳಗೇ ಆಗಾಗ ಎದ್ದು ಓಡಾಡುವುದು ಮುಖ್ಯ. ನಡುಸಾಲಿನ ಓಣಿ ಪಕ್ಕದ ಸೀಟು ಅದಕ್ಕೇ ಬೇಕು.

ಆದರೆ ನಾನು ಕಂಡ ಹಿರಿಯರಲ್ಲಿ ಹೆಚ್ಚಿನವರಿಗೆ ಭಯ ಆಕಾಶದ್ದಲ್ಲ, ನೆಲದ್ದು! ನಮ್ಮ ಅತ್ತೆಯವರನ್ನು "ವಿಮಾನ ಅಂದ್ರೆ ಯಾಕೆ ಭಯ?" ಎಂದು ಒಮ್ಮೆ ನಿಧಾನವಾಗಿ ಕೇಳಿದೆ. "ಹಾರೋದಕ್ಕೆ ಏನಮ್ಮ, ಹಾರಿಸೋನು ಬೇರೆ ಇದಾನೆ. ಆ ಊರಲ್ಲಿ ಇಳಿದು ಮುಂದಿನ ವಿಮಾನ ಎಲ್ಲಿ ಅಂತ ಯಾರನ್ನ ಕೇಳಲಿ? ಅಲ್ಲಿ ಮೆಟ್ಟಿಲು ತಾನೇ ಓಡುತ್ತಂತೆ" ಎಂದರು. ನಾವು ಅಲ್ಲಿಯವರೆಗೆ ಕುಲುಕಾಟದ ಬಗ್ಗೆ ಸಮಾಧಾನ ಹೇಳುತ್ತಿದ್ದೆವು! ಕನ್ನಡ ಬಿಟ್ಟು ಬೇರೆ ಭಾಷೆ ಬಾರದ, ಒಬ್ಬರೇ ಬರುವ ಅಜ್ಜಿಗೆ ಈ ಭಯ ಸಕಾರಣವಾದದ್ದು. ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಬೇಕೆಂದು ಬರೆಸಿ, ಅದಕ್ಕೆ ಹಣವಿಲ್ಲ. ಕುರ್ಚಿ ತಳ್ಳುವವರು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಮುಟ್ಟಿಸುತ್ತಾರೆ. "ನನಗೇನು ಕಾಲಿಲ್ಲವೇ?" ಎಂದು ಬೇಸರಪಡುವವರಿಗೆ, ಇದು ಕಾಲಿಗಲ್ಲ ದಾರಿಗೆ ಎಂದು ತಿಳಿಸಿ ಹೇಳಬೇಕು. ನಡುವಿನ ಸಮಯ ಮೂರು ಗಂಟೆಯಾದರೂ ಇರಲಿ. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿರಲಿ, ಆಗ ಮುಂದಿನ ವಿಮಾನ ತಪ್ಪಿದರೂ ಮುಂದಿನ ಏರ್ಪಾಟು ವಿಮಾನ ಕಂಪನಿಯದು. ಭಾರತದ ಪಾಸ್‌ಪೋರ್ಟಿಗೆ ಕೆಲವು ದೇಶಗಳಲ್ಲಿ ಬರಿದೇ ವಿಮಾನ ಬದಲಿಸಲೂ ವೀಸಾ ಬೇಕಾಗುವುದುಂಟು; ಹಣ ಕಟ್ಟುವ ಮೊದಲೇ ವಿಚಾರಿಸಿ.

ದೆಹಲಿ ಮೂಲಕ ಕರೆಸಿದರೆ ಬದಲಿಸುವ ಊರು ಭಾರತದ್ದೇ, ಊಟ ಮಾತು ಪರಿಚಿತ. ಊರಿಗೆ ಹಿಂದಿರುಗುವಾಗ ಮಾತ್ರ ಪಾಸ್‌ಪೋರ್ಟ್ ತಪಾಸಣೆ ಕಸ್ಟಮ್ಸ್ ಎರಡೂ ದೆಹಲಿಯಲ್ಲಿ ಮುಗಿಸಿ, ಪೆಟ್ಟಿಗೆ ಮತ್ತೆ ಒಪ್ಪಿಸಬೇಕಾಗುತ್ತದೆ ಎಂಬುದು ನೆನಪಿರಲಿ. ಈ ದಾರಿಯ ವಿಮಾನಗಳನ್ನು ಖಾಯಂ ಎಂದು ನಂಬುವ ಹಾಗೂ ಇಲ್ಲ. ಅಮೆರಿಕನ್ ಏರ್‌ಲೈನ್ಸ್ 2005ರಲ್ಲಿ ಶುರು ಮಾಡಿದ ಶಿಕಾಗೋ-ದೆಹಲಿ ವಿಮಾನ 2012ರಲ್ಲಿ ನಿಂತಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶ ಮುಚ್ಚಿದಾಗ, ದೆಹಲಿಯಿಂದ ಅಮೆರಿಕಕ್ಕೆ ಹೊರಟ ಏರ್ ಇಂಡಿಯಾದ ಕೆಲವು ವಿಮಾನಗಳು ಇಂಧನಕ್ಕಾಗಿ ಯುರೋಪಿನಲ್ಲಿ ಇಳಿದು ಮುಂದುವರಿದವು. ಹೇಳದೆ ಕೇಳದೆ ವಿಮಾನ ಇಳಿಯತೊಡಗಿದರೆ ಹೆದರುವವರ ಗತಿ ಏನು? ಅಂಥ ಸಾಧ್ಯತೆ ಇದ್ದರೆ ಮೊದಲೇ ಹೇಳಿಡಬೇಕು. ಇನ್ನೊಂದು ಮಾತು: ಡೈರೆಕ್ಟ್ ಎಂದರೆ ನಾನ್‌ಸ್ಟಾಪ್ ಅಲ್ಲ. ಒಂದೇ ನಂಬರಿನ ವಿಮಾನ ನಡುವೆ ಇಳಿದರೂ ಅದನ್ನು ಡೈರೆಕ್ಟ್ ಎಂದೇ ಕರೆಯುತ್ತಾರೆ.

ಡೆಟ್ರಾಯಿಟ್ ಕಡೆಯ ಮನೆಗಳಿಗೆ ಆಮ್‌ಸ್ಟರ್‌ಡಾಮ್ ಹಳೆಯ ಪರಿಚಯ. ನಾರ್ತ್‌ವೆಸ್ಟ್ ಇದ್ದ ಕಾಲದಿಂದ ಆ ದಾರಿ ಇದೆ, 2008ರಲ್ಲಿ ಅದು ಡೆಲ್ಟಾ ಜೊತೆ ಸೇರಿತು. 2019ರಲ್ಲಿ ಕೆಎಲ್‌ಎಂ ಬೆಂಗಳೂರಿಗೂ ಹಾರತೊಡಗಿದ ಮೇಲೆ ಒಂದೇ ನಿಲುಗಡೆಯ ದಾರಿ ಸಿಕ್ಕಿತು. ಆದರೂ ದೆಹಲಿಯ ಉದ್ದ ವಿಮಾನ ಬೇಕೆಂದು ಅಜ್ಜಿಯನ್ನು ಶಿಕಾಗೋದಲ್ಲಿ ಇಳಿಸಿ, ನೋವೈಗೆ ಕಾರಿನಲ್ಲಿ ಕರೆತರುವವರಿದ್ದಾರೆ. ಹದಿನಾರು ಗಂಟೆ ಕುಳಿತವರನ್ನು ಮತ್ತೆ ಐ-94 ಹೆದ್ದಾರಿಯಲ್ಲಿ ನಾಲ್ಕೈದು ಗಂಟೆ ಕೂರಿಸಬೇಕೇ? ಅದನ್ನೂ ಒಂದು ನಿಲುಗಡೆ ಎಂದೇ ಲೆಕ್ಕ ಹಾಕಿ.

ಮನೆಗೆಲಸ: ಈ ಭಾನುವಾರ ಅಜ್ಜಿಗೋ ತಾತನಿಗೋ ಫೋನ್ ಮಾಡಿ, ಏರುವಾಗ ಭಯವೋ, ಕುಲುಕಿದರೆ ಭಯವೋ, ಒಳಗೆ ಕೂರುವುದು ಕಷ್ಟವೋ, ದಾರಿ ತಪ್ಪುವ ಚಿಂತೆಯೋ ಎಂದು ಒಂದೊಂದಾಗಿ ಕೇಳಿ. ನಡುವೆ ಬಾಯಿ ಹಾಕಬೇಡಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಹತ್ತು ಸಾಲು ಬರೆದು, ದಾರದ ಅಳತೆಯ ಜೊತೆ ಮುಂದಿನ ತರಗತಿಗೆ ತನ್ನಿ.