ಪ್ಯಾರಾಫಿನ್ ಮೇಣ: ಗುಣಲಕ್ಷಣ, ಉಪಯೋಗ ಮತ್ತು ಖರೀದಿಯ ಲೆಕ್ಕ

ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಕಡಿತವಾಗುವುದು ಮೂಡಿಗೆರೆ, ಕಳಸದ ಕಾಫಿ ಸೀಮೆಯವರಿಗೆ ಹೊಸದಲ್ಲ. ಇಲ್ಲಿ ಮೇಣದಬತ್ತಿಗೆ ಬೇಡಿಕೆ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಅಲ್ಪ ಬಂಡವಾಳದಲ್ಲಿ ಆರಂಭಿಸಬಹುದಾದ ಈ ಉದ್ದಿಮೆಯ ಲಾಭ-ನಷ್ಟಗಳು ಬಹುಮಟ್ಟಿಗೆ ಒಂದೇ ಕಚ್ಚಾವಸ್ತುವನ್ನು ಅವಲಂಬಿಸಿವೆ. ಅದೇ ಪ್ಯಾರಾಫಿನ್ ಮೇಣ.

ಮೂಲ

ಕಚ್ಚಾತೈಲದಿಂದ ಕೀಲೆಣ್ಣೆಯನ್ನು ತಯಾರಿಸುವಾಗ ಬೇರ್ಪಡುವ ಎಣ್ಣೆಮಿಶ್ರಿತ ಮೇಣವನ್ನು ಶುದ್ಧೀಕರಿಸಿ ಇದನ್ನು ಪಡೆಯಲಾಗುತ್ತದೆ. ಅಸ್ಸಾಮಿನ ಡಿಗ್‌ಬಾಯ್ ಇದರ ಹಳೆಯ ಉತ್ಪಾದನಾ ಕೇಂದ್ರ. ಅದೇ ರಾಜ್ಯದ ನುಮಾಲಿಗಢದಲ್ಲಿ ವಾರ್ಷಿಕ 50,000 ಟನ್ ಸಾಮರ್ಥ್ಯದ ಘಟಕವು 2015ರಲ್ಲಿ ಕಾರ್ಯಾರಂಭ ಮಾಡಿತು. ಬ್ರಿಟನ್ನಿನ ಬಳಕೆಯಲ್ಲಿ 'ಪ್ಯಾರಾಫಿನ್' ಎಂದರೆ ಸೀಮೆಎಣ್ಣೆ. ಆದುದರಿಂದ ವಿದೇಶೀ ಪತ್ರವ್ಯವಹಾರದಲ್ಲಿ 'ಪ್ಯಾರಾಫಿನ್ ವ್ಯಾಕ್ಸ್' ಎಂದು ಪೂರ್ಣವಾಗಿ ನಮೂದಿಸುವುದು ಕ್ಷೇಮ.

ಗುಣಲಕ್ಷಣಗಳು

ಈ ಮೇಣವು ನೀರಿನಲ್ಲಿ ಕರಗದು, ತೇವವನ್ನು ತಡೆಯುತ್ತದೆ, ವಿದ್ಯುತ್ತನ್ನು ಹರಿಯಗೊಡದು, ಸಾಮಾನ್ಯ ಆಮ್ಲಗಳೊಡನೆ ಸುಲಭವಾಗಿ ವರ್ತಿಸದು. ಕರಗಿದ ಮೇಣವು ಗಟ್ಟಿಯಾಗುವಾಗ ಗಾತ್ರದಲ್ಲಿ ಕುಗ್ಗುತ್ತದೆ. ಅಚ್ಚಿನಿಂದ ಬತ್ತಿ ಸುಲಭವಾಗಿ ಕಳಚುವುದು ಇದರಿಂದಲೇ.

ವ್ಯಾಪಾರಿಯ ದೃಷ್ಟಿಯಿಂದ ಎರಡು ಅಂಶಗಳು ಮುಖ್ಯ. ಮೊದಲನೆಯದು ಕರಗುವ ಬಿಂದು. ಮಾರುಕಟ್ಟೆಯಲ್ಲಿ 58-60, 60-62 ಡಿಗ್ರಿ ಸೆಲ್ಸಿಯಸ್ ಎಂಬಂತೆ ದರ್ಜೆಗಳಿರುತ್ತವೆ. ಮೇಣವು ಈ ಮಟ್ಟವನ್ನು ಮುಟ್ಟುವುದಕ್ಕೆ ಬಹಳ ಮೊದಲೇ ಮೆತ್ತಗಾಗುತ್ತದೆ. ಕಳಸದ ತಂಪಿನಲ್ಲಿ ನೆಟ್ಟಗೆ ನಿಂತ ಬತ್ತಿಯು ಏಪ್ರಿಲ್ ತಿಂಗಳಲ್ಲಿ ಕಡೂರು, ತರೀಕೆರೆಗಳ ತಗಡಿನ ಮಾಡಿನ ಗೋದಾಮಿನಲ್ಲಿ ಬಾಗಬಹುದು. ಬಯಲುಸೀಮೆಗೆ ಕಳುಹಿಸುವ ಸರಕಿಗೆ ಮೇಲಿನ ದರ್ಜೆಯ ಮೇಣ ಬೇಕು, ಅಥವಾ ಸ್ಟಿಯರಿಕ್ ಆಮ್ಲವನ್ನು ಬೆರೆಸಿ ಗಡಸುತನವನ್ನು ಹೆಚ್ಚಿಸಬೇಕು.

ಎರಡನೆಯದು ಎಣ್ಣೆಯ ಅಂಶ. ಎಣ್ಣೆ ಹೆಚ್ಚಿದಷ್ಟೂ ಮೇಣ ಮೆದುವಾಗಿ, ಬತ್ತಿಯ ಮೈ ಜಿಡ್ಡಾಗುತ್ತದೆ. ಉದಾಹರಣೆಗೆ, ಕಿಲೋಗೆ 120 ರೂಪಾಯಿಯಂತೆ 1,000 ಕಿಲೋ ಮೇಣ ಖರೀದಿಸಿದರೆಂದು ಭಾವಿಸೋಣ. ಅದರಲ್ಲಿ ಶೇಕಡ 3 ಎಣ್ಣೆಯಿದ್ದರೆ 30 ಕಿಲೋ ಎಣ್ಣೆಗೆ ಮೇಣದ ಬೆಲೆ ತೆತ್ತಂತಾಯಿತು, ಅಂದರೆ 3,600 ರೂಪಾಯಿ. ಹಿಂತಿರುಗಿ ಬರುವ ಸರಕಿನ ನಷ್ಟ ಬೇರೆ.

ಉಪಯೋಗಗಳು

ಶಿವಕಾಶಿಯ ಕಾರ್ಖಾನೆಗಳಲ್ಲಿ ಬೆಂಕಿಕಡ್ಡಿಯ ತುದಿಯನ್ನು ಈ ಮೇಣದಲ್ಲಿ ಅದ್ದುವುದರಿಂದ ಮದ್ದಿನ ಜ್ವಾಲೆಯು ಕಡ್ಡಿಗೆ ಹತ್ತುತ್ತದೆ. ಮೇಣದ ಕಾಗದ, ತೇವ ತಡೆಯುವ ರಟ್ಟಿನ ಪೆಟ್ಟಿಗೆ, ಮರದ ಪಾಲಿಶ್, ಟೈರು ಹಾಗೂ ಆಸ್ಪತ್ರೆಯ ಅಂಗಾಂಶ ಪರೀಕ್ಷೆಗಳಲ್ಲಿಯೂ ಇದರ ಬಳಕೆಯಿದೆ.

ಮಲೆನಾಡಿನ ಜೇನು ಕೃಷಿಕರು ಒಂದು ಎಚ್ಚರಿಕೆ ವಹಿಸಬೇಕು. ಜೇನುಮೇಣಕ್ಕೆ ಅಗ್ಗದ ಪ್ಯಾರಾಫಿನ್ ಬೆರೆಸಿ ಮಾರುವುದುಂಟು. ಇಂತಹ ಮೇಣದಿಂದ ಮಾಡಿದ ಬುನಾದಿ ಹಾಳೆಯನ್ನು ಪೆಟ್ಟಿಗೆಯಲ್ಲಿಟ್ಟರೆ ಬಿಸಿಲಿಗೆ ಎರಿ ಜೋಲುವ ಸಂಭವವಿದೆ. ಜೇನುಮೇಣದ ಕರಗುವ ಬಿಂದು 62ರಿಂದ 65 ಡಿಗ್ರಿ. ಆದರೆ ಪ್ಯಾರಾಫಿನ್ ಕೂಡ ಆ ಮಟ್ಟದ ದರ್ಜೆಯಲ್ಲಿ ದೊರೆಯುವುದರಿಂದ ಈ ಒಂದೇ ಪರೀಕ್ಷೆಯನ್ನು ನಂಬುವಂತಿಲ್ಲ.

ಸುರಕ್ಷತೆ ಮತ್ತು ದಾಖಲೆ

ಮೇಣವನ್ನು ನೇರ ಬೆಂಕಿಯ ಮೇಲಿಡದೆ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು. ಸುಮಾರು 200 ಡಿಗ್ರಿಯಲ್ಲಿ ಅದರ ಆವಿಯು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಉರಿಯುವ ಮೇಣಕ್ಕೆ ನೀರು ಸುರಿಯಬಾರದು. ಮುಚ್ಚಳದಿಂದ ಗಾಳಿಯನ್ನು ತಡೆಯಬೇಕು.

ಜಿಎಸ್‌ಟಿ ಬಿಲ್ಲಿನಲ್ಲಿ ಜೇನುಮೇಣಕ್ಕೆ 1521, ಪ್ಯಾರಾಫಿನ್ ಮೇಣಕ್ಕೆ 2712, ಮೇಣದಬತ್ತಿಗೆ 3406 ಶೀರ್ಷಿಕೆಗಳು ಅನ್ವಯಿಸುತ್ತವೆ. ಇವುಗಳನ್ನು ಬೆರೆಸಿ ಬರೆದರೆ ತೆರಿಗೆಯ ದರವೂ ಹೂಡುವಳಿ ತೆರಿಗೆ ಜಮೆಯೂ ತಕರಾರಿಗೆ ಸಿಲುಕಬಹುದು.

ಬಿಳುಪು ಶುದ್ಧತೆಯ ಪುರಾವೆಯಲ್ಲ. ಖರೀದಿ ಆದೇಶದಲ್ಲಿಯೇ ಭಾರತೀಯ ಮಾನಕ ಐಎಸ್ 4654, ಕರಗುವ ಬಿಂದು ಹಾಗೂ ಎಣ್ಣೆಯ ಗರಿಷ್ಠ ಪ್ರಮಾಣವನ್ನು ನಮೂದಿಸಿ, ಪ್ರತಿ ಸರಕಿನ ಪರೀಕ್ಷಾ ವರದಿಯನ್ನು ಬಿಲ್ಲಿನೊಡನೆ ಇಟ್ಟುಕೊಳ್ಳುವುದು ಸಣ್ಣ ಉದ್ದಿಮೆದಾರರಿಗೆ ಹಿತಕರ.